ಆ ವರ್ಷ ಅವಳ ಊಟದ ಖರ್ಚು ಯಾರ ಲೆಕ್ಕಕ್ಕೆ?

ಐರ್ಲೆಂಡಿನಲ್ಲಿ ಗತಿಯಿಲ್ಲದ ಬಡವರನ್ನು ಇರಿಸುತ್ತಿದ್ದ ವರ್ಕ್‌ಹೌಸುಗಳ ದಾಖಲಾತಿ ಪುಸ್ತಕ ಎಂದರೆ ಕಾಲಮ್ಮುಗಳ ಸಾಲು. ಕ್ರಮಸಂಖ್ಯೆ, ಹೆಸರು, ಹೆಣ್ಣೋ ಗಂಡೋ, ವಯಸ್ಸು, ಕಸುಬು, ಮತ, ಅಂಗವೈಕಲ್ಯ, ಒಳಗೆ ಬಂದಾಗ ಇದ್ದ ಸ್ಥಿತಿ, ಯಾವ ಎಲೆಕ್ಟೊರಲ್ ಡಿವಿಷನ್ನಿನವರು, ಬಂದ ತಾರೀಕು, ಹೊರಟ ಇಲ್ಲವೇ ಸತ್ತ ತಾರೀಕು. ಮಗುವಾಗಿದ್ದರೆ ಅನಾಥೆ ಎಂದೋ, ಬಿಟ್ಟುಹೋದ ಮಗು ಎಂದೋ, ಮದುವೆಯಿಲ್ಲದೆ ಹುಟ್ಟಿದ್ದೆಂದೋ ಒಂದು ಷರಾ. ಅಜ್ಜಿಯ ಬಾಲ್ಯವನ್ನು ಹುಡುಕಿಕೊಂಡು ಬಂದ ಮೊಮ್ಮಕ್ಕಳು ಹೆಸರು, ವಯಸ್ಸು ನೋಡುತ್ತಾರೆ. ಸ್ಥಿತಿಯ ಕಾಲಮ್ಮಿನಲ್ಲಿ ಚಿಂದಿ ಬಟ್ಟೆ ಎಂದಿದ್ದರೆ ಅಲ್ಲಿ ಸ್ವಲ್ಪ ಹೊತ್ತು ನಿಂತು, ಫೋಟೋ ತೆಗೆದುಕೊಂಡು, ಪುಟ ಮಗುಚುತ್ತಾರೆ. ಅವರು ಕಣ್ಣೆತ್ತಿಯೂ ನೋಡದ ಕಾಲಮ್ಮು ಎಲೆಕ್ಟೊರಲ್ ಡಿವಿಷನ್. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಈ ಮಗುವಿನ ಗಂಜಿಯ ಖರ್ಚನ್ನು ಯಾವ ಊರಿನ ತೆರಿಗೆದಾರರ ತಲೆಗೆ ಕಟ್ಟಬೇಕು ಎಂದು ತೀರ್ಮಾನಿಸಲಿಕ್ಕೆಂದೇ ಆ ಕಾಲಮ್ಮನ್ನು ಇಟ್ಟಿದ್ದರು. ಊರಿನ ಹೆಸರು ಅಲ್ಲಿದೆ.

ಡಬ್ಲಿನ್ನಿನಿಂದ ಲಿವರ್‌ಪೂಲ್, ಬಾಸ್ಟನ್, ಮೆಲ್ಬರ್ನ್‌ವರೆಗೆ ಐರಿಷ್ ಮೂಲದ ಎಷ್ಟೋ ಮನೆಗಳಲ್ಲಿ ಅಜ್ಜಿ ತನ್ನ ಬಾಲ್ಯದ ಬಗ್ಗೆ ಬಾಯಿಬಿಟ್ಟದ್ದು ಒಂದೇ ಮಾತು: ನಾನು ನನ್‌ಗಳ ಹತ್ತಿರ ಬೆಳೆದವಳು. ಮುಂದೆ ಕೇಳಿದರೆ ಮಾತು ಬದಲಿಸುತ್ತಿದ್ದಳು. ಆ ಒಂದು ಮಾತಿನೊಳಗೆ ಆರೇಳು ಬಗೆಯ ಸಂಸ್ಥೆಗಳು ಸೇರಿಕೊಂಡಿರಬಹುದು. ಬಡವರ ಕಾನೂನಿನ ವರ್ಕ್‌ಹೌಸು, ಅದೇ ಕಟ್ಟಡ ಮುಂದೆ ಹೆಸರು ಬದಲಿಸಿಕೊಂಡ ಕೌಂಟಿ ಹೋಮ್, ಕ್ಯಾಥೊಲಿಕ್ ಇಲ್ಲವೇ ಪ್ರಾಟೆಸ್ಟೆಂಟ್ ಅನಾಥಾಲಯ, ಮ್ಯಾಜಿಸ್ಟ್ರೇಟರ ಆಜ್ಞೆಯ ಮೇಲೆ ಸೇರಿಸುತ್ತಿದ್ದ ಇಂಡಸ್ಟ್ರಿಯಲ್ ಸ್ಕೂಲು, ತಾಯಿ-ಮಗುವಿನ ಹೋಮ್, ಹಣ ಕೊಟ್ಟು ಮಗುವನ್ನು ಸಾಕಲು ಬಿಡುತ್ತಿದ್ದ ರೈತನ ಮನೆ. ಒಂದೊಂದಕ್ಕೂ ಬೇರೆ ಕಾನೂನು, ಬೇರೆ ಯಜಮಾನ, ಬೇರೆ ಪತ್ರಾಗಾರ. ಒಂದೇ ಮಗು ಹದಿನಾರು ವರ್ಷದೊಳಗೆ ಇವುಗಳಲ್ಲಿ ಮೂರನ್ನು ಕಂಡಿರುವುದೂ ಉಂಟು. ಹೆಸರು ಹಿಡಿದು ಹೊರಟವರು ಬಹುಬೇಗ ದಾರಿ ತಪ್ಪುತ್ತಾರೆ. ಆ ವರ್ಷ ಅವಳ ಖರ್ಚನ್ನು ಯಾರು ಕೊಡುತ್ತಿದ್ದರು ಎಂದು ಕೇಳಿಕೊಂಡು ಹೊರಟವರಿಗೆ ಮುಂದಿನ ಬಾಗಿಲು ಸಿಗುವ ಸಂಭವ ಹೆಚ್ಚು. ಈ ದಾಖಲೆಗಳನ್ನು ಬರೆದವರು ಯಾರ ನೆನಪಿಗಾಗಿಯೂ ಬರೆಯಲಿಲ್ಲ, ಲೆಕ್ಕ ಒಪ್ಪಿಸಲಿಕ್ಕೆ ಬರೆದರು.

ವರ್ಕ್‌ಹೌಸಿನಿಂದಲೇ ಶುರುಮಾಡೋಣ. 1838ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಐರ್ಲೆಂಡಿಗೆಂದು ಬಡವರ ಕಾನೂನು ಮಾಡಿತು. ದೇಶವನ್ನು 130 ಯೂನಿಯನ್ನುಗಳಾಗಿ ಹಂಚಿ, ಸಂತೆ ಸೇರುವ ಪಟ್ಟಣಕ್ಕೊಂದು ವರ್ಕ್‌ಹೌಸು ಕಟ್ಟಿಸಿತು. 1845ರಲ್ಲಿ ಶುರುವಾದ ಮಹಾಕ್ಷಾಮದ ನಂತರ ಯೂನಿಯನ್ನುಗಳ ಸಂಖ್ಯೆ 163ಕ್ಕೆ ಏರಿತು. ಜಾರ್ಜ್ ವಿಲ್ಕಿನ್ಸನ್ ಎಂಬ ವಾಸ್ತುಶಿಲ್ಪಿ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ನಕ್ಷೆ ಬರೆದುಕೊಟ್ಟ. ಹಾಗಾಗಿ ಡೊನೆಗಾಲಿನ ಡನ್‌ಫನಾಹಿಯಲ್ಲಿ ಉಳಿದಿರುವ ಕಟ್ಟಡ ನೋಡಿದವರಿಗೆ ಗಾಲ್ವೆಯ ಪೋರ್ಟಮ್ನಾದ್ದು ಅಪರಿಚಿತ ಎನ್ನಿಸುವುದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಕುಟುಂಬವನ್ನು ಒಡೆಯುತ್ತಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಹುಡುಗರು, ಹುಡುಗಿಯರು ಬೇರೆಬೇರೆ. ಹಾಲುಗೂಸು ಮಾತ್ರ ತಾಯಿಯ ಜೊತೆ. ಊಟ ಓಟ್ಸ್ ಇಲ್ಲವೇ ಮೆಕ್ಕೆಜೋಳದ ಹಿಟ್ಟಿನ ಗಂಜಿ, ಹಾಲು, ಸಿಕ್ಕಾಗ ಆಲೂಗಡ್ಡೆ. ಹೊರಗೆ ಕೂಲಿ ಮಾಡಿ ಬದುಕುವವನ ಊಟಕ್ಕಿಂತ ಒಳಗಿನ ಊಟ ಒಂದು ಹಿಡಿಯೂ ಮೇಲಾಗಿರಬಾರದು ಎಂಬುದು ಆ ಕಾನೂನಿನ ತಿರುಳು. ನಮ್ಮ ಬರಗಾಲದ ಗಂಜಿಕೇಂದ್ರಗಳ ಕತೆ ಕೇಳಿ ಬೆಳೆದವರಿಗೆ ಈ ತರ್ಕ ಹೊಸದಲ್ಲ. ಆದರೆ ಗಂಜಿಗಾಗಿ ಮನೆ ಬಿಟ್ಟು, ಮಕ್ಕಳನ್ನು ಬೇರೆ ಅಂಗಳಕ್ಕೆ ಬಿಟ್ಟುಕೊಟ್ಟು ಒಳಗೇ ಇರಬೇಕು ಎಂಬ ಕರಾರು ಅಲ್ಲಿತ್ತು. 1845ರಿಂದ ಆಲೂಗಡ್ಡೆ ಬೆಳೆ ಕೊಳೆಯತೊಡಗಿದಾಗ ಜನ ಅದಕ್ಕೂ ತಯಾರಾದರು. 1850ರ ಬೇಸಿಗೆಯಲ್ಲಿ ವರ್ಕ್‌ಹೌಸುಗಳೊಳಗೆ ಎರಡೂವರೆ ಲಕ್ಷಕ್ಕೂ ಮೀರಿ ಜನರಿದ್ದರು. ಅವರಲ್ಲಿ ಬಹುಪಾಲು ಮಕ್ಕಳು, ಹೆಂಗಸರು.

ಈ ಮಕ್ಕಳ ಹೆಸರು ಇಂದು ಎಲ್ಲಿ ಸಿಗುತ್ತದೆ ಎಂಬುದು ಒಂದು ಬೆಂಕಿಯ ಕತೆಗೆ ಹೋಗಿ ನಿಲ್ಲುತ್ತದೆ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟಿಸಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿ, ಒಂದಿಷ್ಟು ಚೂರು ಬಿಟ್ಟರೆ, ಅಲ್ಲಿಗೆ ಮುಗಿಯಿತು. ಎಲ್ಲವನ್ನೂ ಆ ಬೆಂಕಿಯ ಮೇಲೆ ಹಾಕುವ ರೂಢಿ ಇದೆ, ಅದು ಸರಿಯಲ್ಲ. 1861, 1871ರ ಹಾಳೆಗಳನ್ನು ಸರ್ಕಾರವೇ ಲೆಕ್ಕ ಮುಗಿದ ಮೇಲೆ ನಾಶಮಾಡಿಸಿತ್ತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದವಾಗಿ ಅರೆದುಹೋದವು. ಹೀಗಾಗಿ ಆ ಬೆಂಕಿಗೆ ಮೊದಲಿನ ಗಣತಿಗಳಲ್ಲಿ ಇಡೀ ದೇಶಕ್ಕೆ ಪೂರ್ತಿಯಾಗಿ ಉಳಿದಿರುವುದು 1901 ಮತ್ತು 1911ರ ಗಣತಿ ಮಾತ್ರ. ಎರಡನ್ನೂ ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ.

ವರ್ಕ್‌ಹೌಸಿನ ಪುಸ್ತಕಗಳು ಫೋರ್ ಕೋರ್ಟ್ಸ್‌ನಲ್ಲಿ ಇರಲಿಲ್ಲ, ಆಯಾ ಯೂನಿಯನ್ನಿನಲ್ಲೇ ಇದ್ದವು. ಅದು ಅದೃಷ್ಟವೂ ಹೌದು, ದುರದೃಷ್ಟವೂ ಹೌದು. ಒಂದೇ ಬೆಂಕಿಗೆ ಎಲ್ಲ ಬಲಿಯಾಗಲಿಲ್ಲ, ಆದರೆ ಒಂದೊಂದು ಊರಲ್ಲಿ ಒಂದೊಂದು ಗತಿ ಆಯಿತು. 1920-22ರ ಸ್ವಾತಂತ್ರ್ಯ ಹೋರಾಟ, ಅಂತರ್ಯುದ್ಧಗಳಲ್ಲಿ ಕೆಲವು ವರ್ಕ್‌ಹೌಸುಗಳನ್ನೇ ಸುಟ್ಟರು. ಕೆಲವು ಕಡೆ ತೇವ ತಿಂದಿತು, ಕೆಲವು ಕಡೆ ಗುಮಾಸ್ತರು ಜಾಗ ಸಾಲದೆಂದು ಎಸೆದರು. ಡಬ್ಲಿನ್ನಿನ ಉತ್ತರ ಮತ್ತು ದಕ್ಷಿಣ ಯೂನಿಯನ್ನುಗಳ ದಾಖಲಾತಿ ಪುಸ್ತಕಗಳು ಬಹುಮಟ್ಟಿಗೆ ಉಳಿದು, ಸ್ಕ್ಯಾನ್ ಆಗಿ, ಹೆಸರು ಹಾಕಿ ಹುಡುಕುವಂತೆ ಸಿಗುತ್ತವೆ. ಇಂದಿನ ಉತ್ತರ ಐರ್ಲೆಂಡಿನ ಆರು ಕೌಂಟಿಗಳವು ಬೆಲ್‌ಫಾಸ್ಟಿನ ಸಾರ್ವಜನಿಕ ದಾಖಲೆ ಕಚೇರಿಯಲ್ಲಿವೆ. ಆದರೆ ನೂರು ವರ್ಷ ತುಂಬದ ದಾಖಲಾತಿ ಪುಸ್ತಕವನ್ನು ಅಲ್ಲಿ ಸುಮ್ಮನೆ ಕೇಳಿದರೆ ತೆಗೆದುಕೊಡುವುದಿಲ್ಲ. ಪಶ್ಚಿಮ ಮತ್ತು ದಕ್ಷಿಣದ ಹಲವು ಕೌಂಟಿಗಳಲ್ಲಿ ದಾಖಲಾತಿ ಪುಸ್ತಕವೇ ಇಲ್ಲ. ಉಳಿದಿರುವುದು ಯೂನಿಯನ್ನನ್ನು ನಡೆಸುತ್ತಿದ್ದ ಗಾರ್ಡಿಯನ್ನರ ಮಂಡಳಿಯ ವಾರವಾರದ ನಡಾವಳಿ ಪುಸ್ತಕ ಮಾತ್ರ.

ನಡಾವಳಿ ಪುಸ್ತಕ ಎಂದರೆ ಅನೇಕರು ಮುಖ ಸಿಂಡರಿಸುತ್ತಾರೆ. ಪುಟದ ಮೇಲರ್ಧ ಅಂಕಿ: ವಾರದಲ್ಲಿ ಬಂದವರು ಇಷ್ಟು, ಹೋದವರು ಇಷ್ಟು, ಸತ್ತವರು ಇಷ್ಟು, ತಲೆಗೆ ತಗುಲಿದ ಖರ್ಚು ಇಷ್ಟು ಪೆನ್ಸ್. ಕೆಳಗೆ ಹಾಲಿನ ಗುತ್ತಿಗೆ, ಸುಣ್ಣ ಬಳಿದ ಬಿಲ್ಲು, ಡಾಕ್ಟರರ ದೂರು. ಮಗುವಿನ ಹೆಸರು ಅಲ್ಲಿ ಬರುವುದು ಹಣದ ಪ್ರಶ್ನೆ ಎದ್ದಾಗಲೇ. ತಾಯಿಯಿಲ್ಲದ ಕೂಸಿಗೆ ಹಾಲೂಡಿಸುವ ದಾದಿಗೆ ತಿಂಗಳಿಗೆ ಎಷ್ಟು ಕೊಡುವುದು, ಬಾಗಿಲಲ್ಲಿ ಬಿಟ್ಟುಹೋದ ಮಗು ಯಾವ ಡಿವಿಷನ್ನಿನ ಖರ್ಚು, ಹನ್ನೆರಡರ ಹುಡುಗಿಯನ್ನು ಮನೆಗೆಲಸಕ್ಕೆ ಕೇಳಿದ ರೈತನ ಮನೆಗೆ ಕಳಿಸಬಹುದೇ. 1862ರ ತಿದ್ದುಪಡಿ ಎಳೆಯ ಅನಾಥ ಮಕ್ಕಳನ್ನು ವರ್ಕ್‌ಹೌಸಿನ ಹೊರಗೆ, ಊರಿನ ಕುಟುಂಬಗಳಲ್ಲಿ ಹಣ ಕೊಟ್ಟು ಸಾಕಿಸಲು ಅವಕಾಶ ಕೊಟ್ಟಿತು. ಅಲ್ಲಿಂದ ಮುಂದೆ ಇಂಥ ನಮೂದುಗಳು ಹೆಚ್ಚುತ್ತವೆ. ದಾಖಲಾತಿ ಪುಸ್ತಕ ಕಳೆದುಹೋದ ಯೂನಿಯನ್ನಿನಲ್ಲೂ ದಾದಿಗೆ ಕೊಟ್ಟ ಕೂಲಿಯ ಸಾಲಿನಲ್ಲಿ ಅಜ್ಜಿ ಸಿಕ್ಕಾಳು.

ಹಣದ ಜಾಡು ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಅಜ್ಜಿಯ ಅಜ್ಜಿಯ ಕಾಲದ ಒಂದು ಉದಾಹರಣೆ ಇದೆ. 1848ರಿಂದ 1850ರವರೆಗೆ, ವಸಾಹತು ಕಾರ್ಯದರ್ಶಿ ಅರ್ಲ್ ಗ್ರೇ ರೂಪಿಸಿದ ಯೋಜನೆಯಂತೆ, ಐರಿಷ್ ವರ್ಕ್‌ಹೌಸುಗಳಿಂದ 4,000ಕ್ಕೂ ಹೆಚ್ಚು ಹದಿಹರೆಯದ ಹುಡುಗಿಯರನ್ನು ಆಸ್ಟ್ರೇಲಿಯಕ್ಕೆ ಹಡಗು ಹತ್ತಿಸಿದರು. ಇಲ್ಲಿ ವರ್ಕ್‌ಹೌಸು ತುಂಬಿ ತುಳುಕುತ್ತಿತ್ತು, ಅಲ್ಲಿ ಮನೆಗೆಲಸಕ್ಕೂ ಮದುವೆಗೂ ಹೆಣ್ಣುಗಳು ಸಾಲದಾಗಿದ್ದವು. ಹಡಗಿನ ಟಿಕೆಟ್ಟು ವಸಾಹತಿನ ಖರ್ಚು. ಬಟ್ಟೆಬರೆ ಮತ್ತು ಇಂಗ್ಲೆಂಡಿನ ಪ್ಲಿಮತ್ ಬಂದರಿನವರೆಗಿನ ಪ್ರಯಾಣ ಆಯಾ ಯೂನಿಯನ್ನಿನ ಖರ್ಚು. ಹುಡುಗಿಗೊಂದು ಮರದ ಪೆಟ್ಟಿಗೆ. ಅದರೊಳಗೆ ಆರು ಒಳಂಗಿ, ಎರಡು ಫ್ಲಾನೆಲ್ ಲಂಗ, ಆರು ಜೊತೆ ಕಾಲುಚೀಲ, ಎರಡು ಜೊತೆ ಬೂಟು, ಎರಡು ಗೌನು, ಅದರಲ್ಲೊಂದು ಚಳಿಗೆ ತಡೆಯುವಂಥದ್ದು. ಈ ಪಟ್ಟಿಯನ್ನು ಸರ್ಕಾರವೇ ಗೊತ್ತುಮಾಡಿತ್ತು. ಕ್ಷಾಮದ ನಡುವೆ ಬರಿಗಾಲಲ್ಲಿ ಬಂದ ಹುಡುಗಿಗೆ ಹುಟ್ಟಿದಾರಭ್ಯ ಸಿಕ್ಕ ಅತಿ ದೊಡ್ಡ ಆಸ್ತಿ ಅದೇ ಇದ್ದೀತು. ಬಟ್ಟೆಯ ಬಿಲ್ಲು ಪಾಸಾಗಬೇಕಾದ್ದರಿಂದ ಗಾರ್ಡಿಯನ್ನರ ನಡಾವಳಿಯಲ್ಲಿ ಅದರ ಚರ್ಚೆ ಇದೆ, ಕೆಲವು ಕಡೆ ಹುಡುಗಿಯರ ಹೆಸರಿನ ಪಟ್ಟಿಯೂ ಇದೆ.

ಸಿಡ್ನಿಯಲ್ಲಿ ಇಳಿದಾಗ ಅಲ್ಲಿನ ಅಧಿಕಾರಿಗಳು ಮತ್ತೆ ಬರೆದುಕೊಂಡರು: ವಯಸ್ಸು, ಹುಟ್ಟೂರು, ತಂದೆತಾಯಿಯ ಹೆಸರು, ಅವರು ಬದುಕಿದ್ದಾರೆಯೇ, ಮತ, ಓದುಬರಹ ಬರುತ್ತದೆಯೇ. ಅನಾಥೆಯರನ್ನು ಮಾತ್ರ ಕಳಿಸುವ ಯೋಜನೆಯ ಪಟ್ಟಿಗಳಲ್ಲಿ, ತಾಯಿ ಬದುಕಿದ್ದಾಳೆ, ಇಂಥ ಊರಲ್ಲಿದ್ದಾಳೆ ಎಂಬ ನಮೂದು ಸಿಗುತ್ತದೆ. ಈ ವಿಷಯದಲ್ಲಿ ಕೈಹಾಕುವ ಎಲ್ಲರೂ ನೆನಪಿಟ್ಟುಕೊಳ್ಳಬೇಕಾದ ಸಂಗತಿ ಇದು. ಐರ್ಲೆಂಡಿನ ದಾಖಲೆಗಳಲ್ಲಿ ಅನಾಥೆ ಎಂದರೆ ಅಪ್ಪ ಅಮ್ಮ ಇಬ್ಬರೂ ಸತ್ತಿದ್ದಾರೆ ಎಂದು ತಿಳಿಯಬೇಕಿಲ್ಲ. ಹೆಚ್ಚಿನ ಸಲ ಒಬ್ಬರು ಸತ್ತಿರುತ್ತಾರೆ, ಇನ್ನೊಬ್ಬರಿಗೆ ಸಾಕುವ ಶಕ್ತಿ ಇರುವುದಿಲ್ಲ. ಸಿಡ್ನಿ, ಮೆಲ್ಬರ್ನ್, ಅಡಿಲೇಡ್‌ಗಳ ಪತ್ರಿಕೆಗಳು ಈ ಹುಡುಗಿಯರನ್ನು ಕೆಲಸ ಬಾರದವರು, ನಡತೆಗೆಟ್ಟವರು ಎಂದು ಬೈದು ಬರೆದವು, ಎರಡೇ ವರ್ಷದಲ್ಲಿ ಯೋಜನೆ ನಿಂತಿತು. 1999ರಲ್ಲಿ ಸಿಡ್ನಿಯ ಹೈಡ್ ಪಾರ್ಕ್ ಬ್ಯಾರಕ್ಸ್ ಗೋಡೆಯಲ್ಲಿ ಅವರದೊಂದು ಸ್ಮಾರಕ ಎದ್ದಿತು. ಅವರ ವಂಶದವರು ಈಗ ಅಲ್ಲಿ ಹೆಮ್ಮೆಯಿಂದ ಸೇರುತ್ತಾರೆ.

ಇನ್ನು ಚರ್ಚುಗಳ ಅನಾಥಾಲಯಗಳು. ಹತ್ತೊಂಬತ್ತನೇ ಶತಮಾನದ ಡಬ್ಲಿನ್ನಿನಲ್ಲಿ ಒಂದು ಬಡ ಮಗು ಎಂದರೆ ಎರಡು ಮತಗಳ ನಡುವಿನ ಗಡಿ ಜಮೀನು. ಎಲೆನ್ ಸ್ಮೈಲಿಯ ಪ್ರಾಟೆಸ್ಟೆಂಟ್ ಹೋಮ್‌ಗಳು ಮತ್ತು ಬರ್ಡ್ಸ್ ನೆಸ್ಟ್ ಒಂದು ಕಡೆ. ಊಟ ಬಟ್ಟೆ ಕೊಟ್ಟು ಕ್ಯಾಥೊಲಿಕ್ ಮಕ್ಕಳ ಮತ ಕಿತ್ತುಕೊಳ್ಳುತ್ತಿದ್ದಾರೆ ಎಂದು ಅವುಗಳ ವಿರುದ್ಧ ಹೊರಟ ಕ್ಯಾಥೊಲಿಕ್ ಸಂಸ್ಥೆಗಳು ಇನ್ನೊಂದು ಕಡೆ. ಮಾರ್ಗರೆಟ್ ಐಲ್‌ವರ್ಡ್ ಎಂಬ ಗಟ್ಟಿ ಹೆಂಗಸು 1850ರ ದಶಕದಲ್ಲಿ ಸೇಂಟ್ ಬ್ರಿಜಿಡ್ಸ್ ಅನಾಥಾಲಯ ಶುರುಮಾಡಿದಾಗ ದೊಡ್ಡ ಕಟ್ಟಡ ಕಟ್ಟಿಸಲಿಲ್ಲ. ಮಕ್ಕಳನ್ನು ಹಳ್ಳಿಗಾಡಿನ ಕ್ಯಾಥೊಲಿಕ್ ರೈತರ ಮನೆಗಳಲ್ಲಿ ಬಿಟ್ಟು, ಸಾಕುತಾಯಂದಿರಿಗೆ ಕೂಲಿ ಕೊಟ್ಟು, ಹೋಗಿ ನೋಡಿಬರುವ ಏರ್ಪಾಡು ಮಾಡಿದಳು. ಮೇರಿ ಮ್ಯಾಥ್ಯೂಸ್ ಎಂಬ ಮಗುವನ್ನು ತಾಯಿ ವಾಪಸು ಕೇಳಿದಾಗ ಆ ಮಗು ಕಾಣೆಯಾಗಿತ್ತು. ಕೋರ್ಟಿನ ಆಜ್ಞೆಯಾದರೂ ಹಾಜರುಪಡಿಸದಿದ್ದಕ್ಕೆ 1860ರಲ್ಲಿ ಐಲ್‌ವರ್ಡ್ ಆರು ತಿಂಗಳು ಜೈಲು ಅನುಭವಿಸಿದಳು. ಆಕೆಯ ಕಡೆಯವರಿಗೆ ಆಕೆ ಹುತಾತ್ಮೆ, ಎದುರು ಪಕ್ಷಕ್ಕೆ ಮಕ್ಕಳ ಕಳ್ಳಿ. ಹೆತ್ತವಳ ಕಡೆಯಿಂದ ನೋಡಿದರೆ ಎರಡೂ ಪಕ್ಷಕ್ಕೆ ಮಗುವಿನ ಆತ್ಮದ ಮೇಲಿದ್ದ ಆಸೆ ಮಗುವಿನ ಮೇಲೆ ಇರಲಿಲ್ಲ ಎಂದೇ ನನಗೆ ತೋರುತ್ತದೆ.

ಹುಡುಕುವವರಿಗೆ ಈ ಜಗಳದಿಂದ ಒಂದು ಉಪಯೋಗವಿದೆ. ಬ್ಯಾಪ್ಟಿಸಮ್ಮಿನ ಪುಸ್ತಕದಲ್ಲಿ ಕ್ಯಾಥೊಲಿಕ್ ಆಗಿದ್ದ ಹುಡುಗಿ ಹತ್ತು ವರ್ಷದ ಬಳಿಕ ಪ್ರಾಟೆಸ್ಟೆಂಟ್ ಸಂಸ್ಥೆಯಲ್ಲಿ ಸಿಗಬಹುದು, ಬೇರೆ ಹೆಸರಲ್ಲಿಯೂ ಸಿಗಬಹುದು. ಒಂದು ಚರ್ಚಿನ ದಾಖಲೆಯಲ್ಲಿ ಮಗು ದಿಢೀರನೆ ಮಾಯವಾದರೆ ಸತ್ತಿತು ಎಂದುಕೊಳ್ಳುವ ಮೊದಲು ಇನ್ನೊಂದು ಚರ್ಚಿನ ಬಾಗಿಲು ತಟ್ಟಬೇಕು. 1828ರಲ್ಲಿ ಶುರುವಾದ ಡಬ್ಲಿನ್ನಿನ ಪ್ರಾಟೆಸ್ಟೆಂಟ್ ಆರ್ಫನ್ ಸೊಸೈಟಿಯ ಕಡತಗಳು ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಚಂದಾದಾರರ ಹಣದಿಂದ ನಡೆದ ಸಂಸ್ಥೆಯಾದ್ದರಿಂದ ಪ್ರತಿ ಮಗುವೂ ಸಹಾಯಕ್ಕೆ ಅರ್ಹ ಎಂದು ತೋರಿಸಬೇಕಿತ್ತು. ಹಾಗಾಗಿ ಅರ್ಜಿಗಳಲ್ಲಿ ತಂದೆತಾಯಿಯ ವಿವರ ಧಾರಾಳವಾಗಿ ಸಿಗುತ್ತದೆ.

1868ರಲ್ಲಿ ಇಂಡಸ್ಟ್ರಿಯಲ್ ಸ್ಕೂಲುಗಳ ಕಾನೂನು ಬಂದಮೇಲೆ ಚಿತ್ರವೇ ಬದಲಾಯಿತು. ಮ್ಯಾಜಿಸ್ಟ್ರೇಟರ ಆಜ್ಞೆಯ ಮೇಲೆ ಸೇರಿದ ಪ್ರತಿ ಮಗುವಿಗೆ ಸರ್ಕಾರ ತಲಾ ಅನುದಾನ ಕೊಡತೊಡಗಿತು. ಸ್ಕೂಲುಗಳನ್ನು ಬಹುಪಾಲು ಸಿಸ್ಟರ್ಸ್ ಆಫ್ ಮರ್ಸಿಯಂಥ ಸನ್ಯಾಸಿನಿ ಸಂಘಗಳು, ಗಂಡುಮಕ್ಕಳದ್ದನ್ನು ಕ್ರಿಶ್ಚಿಯನ್ ಬ್ರದರ್ಸ್‌ನಂಥವರು ನಡೆಸಿದರು. ಸೇರಿಸಲು ಕಾರಣ ಬೇಕು: ಭಿಕ್ಷೆ ಬೇಡುವಾಗ ಸಿಕ್ಕಿತು, ಮನೆಮಠವಿಲ್ಲ, ಹೆತ್ತವರು ಸರಿಯಾಗಿ ನೋಡಿಕೊಳ್ಳುವುದಿಲ್ಲ. 1908ರ ಮಕ್ಕಳ ಕಾನೂನಿನಲ್ಲಿ ಈ ಕಾರಣಗಳ ಪಟ್ಟಿ ಇತ್ತು, ಗುಮಾಸ್ತ ಅದರಿಂದ ಒಂದನ್ನು ಆರಿಸಿ ಆಜ್ಞೆಯಲ್ಲಿ ತುಂಬುತ್ತಿದ್ದ. ಅಮ್ಮ ಸತ್ತು, ಅಪ್ಪ ಕೂಲಿಗೆ ಹೋಗುವ ಮನೆಯ ನಾಲ್ಕು ವರ್ಷದ ಹುಡುಗಿಯೂ ಭಿಕ್ಷೆ ಬೇಡುತ್ತಿದ್ದಳು ಎಂದು ಕಾಗದದ ಮೇಲೆ ಬರುವುದು ಹೀಗೆ. ಮೊಮ್ಮಗಳು ಆ ಆಜ್ಞೆಯನ್ನು ಓದಿ ಮುತ್ತಜ್ಜಿಯ ಮನೆ ಬೀದಿಪಾಲಾಗಿತ್ತು ಎಂದು ಅಳಬೇಕಾಗಿಲ್ಲ. ಅದು ಅನುದಾನ ಪಾಸಾಗಲು ಬೇಕಾಗಿದ್ದ ಮಾತು.

ಹದಿನಾರು ತುಂಬುವ ದಿನದವರೆಗೆ ಅನುದಾನ, ಅಲ್ಲಿಯವರೆಗೆ ಒಳಗೆ. ಹುಡುಗಿಯರಿಗೆ ಪಾಠಕ್ಕಿಂತ ಹೊಲಿಗೆ, ಬಟ್ಟೆ ಒಗೆತ, ಅಡುಗೆಮನೆ ಹೆಚ್ಚು. ಡಬ್ಲಿನ್ನಿನ ಗೋಲ್ಡನ್‌ಬ್ರಿಜ್ ಸ್ಕೂಲಿನಲ್ಲಿ ಎಳೆಯ ಹುಡುಗಿಯರು ತಂತಿ ಬಗ್ಗಿಸಿ ಮಣಿ ಪೋಣಿಸಿ ಜಪಮಾಲೆ ಮಾಡುತ್ತಿದ್ದರು. ದಿನಕ್ಕೆ ಇಷ್ಟು ಎಂದು ಗೊತ್ತುಮಾಡಿದ್ದು ಮುಗಿಯದಿದ್ದರೆ ಏಟು. 1999ರಲ್ಲಿ ಪತ್ರಕರ್ತೆ ಮೇರಿ ರಾಫ್ಟರಿಯ ದೂರದರ್ಶನ ಸರಣಿ ಈ ಶಾಲೆಗಳ ಒಳಗನ್ನು ಬಯಲಿಗಿಟ್ಟಾಗ ಪ್ರಧಾನಿ ಬರ್ಟಿ ಅಹರ್ನ್ ದೇಶದ ಪರವಾಗಿ ಕ್ಷಮೆ ಕೇಳಿದರು. ಆ ಬಳಿಕ ನೇಮಿಸಿದ ಆಯೋಗದ ವರದಿ, ರಯಾನ್ ವರದಿ ಎಂದು ಹೆಸರಾದದ್ದು, 2009ರ ಮೇ ತಿಂಗಳಲ್ಲಿ ಐದು ಸಂಪುಟಗಳಲ್ಲಿ ಬಂತು. ಹೊಡೆತ, ಹಸಿವು, ಲೈಂಗಿಕ ಹಿಂಸೆ ಎಲ್ಲ ಅದರಲ್ಲಿದೆ. ಸಂಘಗಳು ಈ ಕಟ್ಟಡಗಳಲ್ಲಿ ಹೂಡಿದ್ದ ಬಂಡವಾಳವೇ ಆ ವ್ಯವಸ್ಥೆ ಅಷ್ಟು ಕಾಲ ಉಳಿಯಲು ಒಂದು ಮುಖ್ಯ ಕಾರಣ ಎಂದೂ ಅದು ತೀರ್ಮಾನಿಸಿತು. ಓದಿದವರು ಹಿಂಸೆಯ ಪುಟಗಳನ್ನು ನೆನಪಿಡುತ್ತಾರೆ, ಈ ತೀರ್ಮಾನವನ್ನು ಮರೆಯುತ್ತಾರೆ.

ಕಾವನ್ ಪಟ್ಟಣದ ಸೇಂಟ್ ಜೋಸೆಫ್ಸ್ ಅನಾಥಾಲಯದ್ದು ಬೇರೆಯೇ ನೋವು. 1943ರ ಫೆಬ್ರುವರಿ 23ರ ರಾತ್ರಿ ಅಲ್ಲಿನ ಒಗೆಯುವ ಮನೆಯಲ್ಲಿ ಹತ್ತಿದ ಬೆಂಕಿಯಲ್ಲಿ 35 ಹುಡುಗಿಯರು ಮತ್ತು ಅಡುಗೆಯ ಒಬ್ಬ ವೃದ್ಧೆ ಸತ್ತರು. ಉಳಿದ ಅವಶೇಷಗಳನ್ನು ಎಂಟು ಶವಪೆಟ್ಟಿಗೆಗಳಲ್ಲಿಟ್ಟು ಒಂದೇ ಗುಂಡಿಯಲ್ಲಿ ಮಣ್ಣುಮಾಡಿದರು. ವಿಚಾರಣಾ ಮಂಡಳಿಯ ಕಾರ್ಯದರ್ಶಿಯಾಗಿದ್ದವರು ಫ್ಲ್ಯಾನ್ ಓ'ಬ್ರಿಯನ್ ಎಂಬ ಹೆಸರಲ್ಲಿ ಕಾದಂಬರಿ ಬರೆದ ಬ್ರಯನ್ ಓ'ನೋಲನ್. ಮಂಡಳಿ ಯಾರನ್ನೂ ಹೊಣೆ ಮಾಡಲಿಲ್ಲ.

1922ರಲ್ಲಿ ಸ್ವತಂತ್ರವಾದ ದಕ್ಷಿಣದ ರಾಜ್ಯ ಬ್ರಿಟಿಷರ ವರ್ಕ್‌ಹೌಸನ್ನು ರದ್ದುಮಾಡಿದ್ದು ತನ್ನ ದೊಡ್ಡ ಸಾಧನೆ ಎಂದುಕೊಂಡಿತು. ರದ್ದಾದದ್ದು ಹೆಚ್ಚಾಗಿ ಹೆಸರು. ಕಟ್ಟಡಗಳು ಕೌಂಟಿ ಹೋಮ್‌ಗಳಾದವು, ಆಸ್ಪತ್ರೆಗಳಾದವು. ದಕ್ಷಿಣ ಡಬ್ಲಿನ್ ಯೂನಿಯನ್ನಿನ ಜಾಗದಲ್ಲಿ ಇಂದು ಸೇಂಟ್ ಜೇಮ್ಸ್ ಆಸ್ಪತ್ರೆ ಇದೆ. ಗಾಲ್ವೆಯ ವರ್ಕ್‌ಹೌಸು ನಿಂತಿದ್ದ ಜಾಗದಲ್ಲಿರುವುದು ಗಾಲ್ವೆ ವಿಶ್ವವಿದ್ಯಾಲಯ ಆಸ್ಪತ್ರೆ. ಆ ಹೆಸರು ಕನ್ನಡಿಗರಿಗೆ ಗೊತ್ತು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಗರ್ಭಪಾತಕ್ಕೆ ಒಪ್ಪಿಗೆ ಸಿಗದೆ ತೀರಿಕೊಂಡದ್ದು ಅಲ್ಲಿಯೇ. 2018ರ ಜನಮತಗಣನೆಯಲ್ಲಿ ಐರ್ಲೆಂಡ್ ತನ್ನ ಸಂವಿಧಾನದ ಗರ್ಭಪಾತ ನಿಷೇಧವನ್ನು ಕಿತ್ತುಹಾಕಿದಾಗ ಸವಿತಾರ ಚಿತ್ರದ ಮುಂದೆ ಹೂವಿಟ್ಟವರಲ್ಲಿ, ತಮ್ಮ ಅಮ್ಮ ಅಜ್ಜಿಯರನ್ನು ಬಸಿರಿನ ಕಾರಣಕ್ಕೆ ಇಂಥ ಮನೆಗಳಿಗೆ ತಳ್ಳಿದ್ದರೆಂದು ಬಲ್ಲ ಹೆಂಗಸರೂ ಇದ್ದಿರಲೇಬೇಕು.

ಆ ಮನೆಗಳೇ ತಾಯಿ-ಮಗುವಿನ ಹೋಮ್‌ಗಳು. ಕಾರ್ಕ್‌ನ ಬೆಸ್‌ಬರೊ, ರಾಸ್‌ಕ್ರೇಯ ಶಾನ್ ರಾಸ್ ಅಬ್ಬಿ, ಕ್ಯಾಸಲ್‌ಪೊಲಾರ್ಡ್, ಗಾಲ್ವೆ ಕೌಂಟಿಯ ಟೂಮ್. ಟೂಮ್‌ನದು ಮೊದಲು ವರ್ಕ್‌ಹೌಸು ಆಗಿದ್ದ ಕಟ್ಟಡ. 1925ರಿಂದ 1961ರವರೆಗೆ ಬೋನ್ ಸೆಕೂರ್ ಸನ್ಯಾಸಿನಿಯರು ಅದನ್ನು ನಡೆಸಿದರು, ಆದರೆ ಅದರ ಒಡೆತನ ಕೌಂಟಿ ಕೌನ್ಸಿಲಿನದು. ಅಲ್ಲಿ ಸತ್ತ ಮಕ್ಕಳ ಪಟ್ಟಿಯನ್ನು ಹೊರಗೆಳೆದವರು ಕ್ಯಾಥರಿನ್ ಕಾರ್ಲೆಸ್ ಎಂಬ ಗೃಹಿಣಿ, ಹವ್ಯಾಸಿ ಇತಿಹಾಸಕಾರ್ತಿ. ಆಕೆಯ ಹುಡುಕಾಟ ಮೊದಲಾದದ್ದು ಸ್ವಂತ ತಾಯಿಯಿಂದ. ಮದುವೆಯಿಲ್ಲದೆ ಹುಟ್ಟಿ ಸಾಕುಮನೆಗಳಲ್ಲಿ ಬೆಳೆದ ಆ ತಾಯಿ ಮಕ್ಕಳಿಗೆ ಆ ಬಗ್ಗೆ ಏನನ್ನೂ ಹೇಳದೆ ತೀರಿಕೊಂಡಿದ್ದರು. ಟೂಮ್‌ನಲ್ಲಿ ಸತ್ತ ಮಕ್ಕಳ ಮರಣಪತ್ರಗಳನ್ನು ಕಾರ್ಲೆಸ್ ಕೈಯಿಂದ ಹಣ ಕೊಟ್ಟು ತರಿಸಿಕೊಂಡರು. 796 ಹೆಸರು. ಹತ್ತಿರದ ಸ್ಮಶಾನಗಳ ಪುಸ್ತಕಗಳಲ್ಲಿ ತಾಳೆ ನೋಡಿದರೆ ಹೂಳಿದ ದಾಖಲೆ ಇರಲಿಲ್ಲ. ಹೂಳಿದ ಲೆಕ್ಕವೂ ಸಿಗದ ಮಕ್ಕಳು ಅವರು. 2017ರಲ್ಲಿ ಹಳೆಯ ಕೊಳಚೆ ತೊಟ್ಟಿಯ ಕೋಣೆಗಳಂಥ ರಚನೆಯೊಳಗೆ ಶಿಶುಗಳ ಮೂಳೆಗಳಿರುವುದು ಖಚಿತವಾಯಿತು. 2025ರ ಜುಲೈಯಲ್ಲಿ ಪೂರ್ಣ ಉತ್ಖನನ ಶುರುವಾಯಿತು.

ಈ ಹೋಮ್‌ಗಳ ಬಗೆಗಿನ ಸರ್ಕಾರಿ ಆಯೋಗದ ಅಂತಿಮ ವರದಿ 2021ರ ಜನವರಿಯಲ್ಲಿ ಪ್ರಕಟವಾಯಿತು. 18 ಸಂಸ್ಥೆಗಳು, ಸುಮಾರು 56,000 ತಾಯಂದಿರು, 57,000 ಮಕ್ಕಳು, ಸುಮಾರು 9,000 ಮಕ್ಕಳ ಸಾವು. ಈ ಅಂಕಿಗಳ ಬಗ್ಗೆ ತಕರಾರು ಹೆಚ್ಚಿಲ್ಲ. ತಕರಾರು ಎದ್ದದ್ದು ಹೊಣೆ ಹೊರಿಸಿದ ರೀತಿಗೆ. ಆ ಹೆಣ್ಣುಮಕ್ಕಳ ಪಾಡಿಗೆ ಮೊದಲ ಹೊಣೆ ಮಕ್ಕಳ ತಂದೆಯರದು ಮತ್ತು ಅವರ ಸ್ವಂತ ಮನೆಯವರದು, ಚರ್ಚು ಮತ್ತು ಸರ್ಕಾರ ಅದಕ್ಕೆ ಬೆಂಬಲವಾಗಿ ನಿಂತವು ಎಂಬ ಧಾಟಿ ಬದುಕುಳಿದವರನ್ನು ಕೆರಳಿಸಿತು. ಸಾಕ್ಷಿ ಹೇಳಿದ 550 ಮಂದಿಯ ಧ್ವನಿಮುದ್ರಣ ಅಳಿಸಿಹೋಗಿದೆ ಎಂದು ತಿಳಿದಾಗ ಸಿಟ್ಟು ಇನ್ನೂ ಏರಿತು, ಆಮೇಲೆ ಬ್ಯಾಕಪ್ಪಿನಿಂದ ಅವು ಸಿಕ್ಕವು. ವರದಿಯ ಕರಡನ್ನು ತೋರಿಸದೆ ತಮ್ಮ ಹಕ್ಕಿಗೆ ಚ್ಯುತಿ ಮಾಡಿದರೆಂಬ ಕೆಲವರ ದೂರನ್ನು ಸರ್ಕಾರ ಹೈಕೋರ್ಟಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಮನೆಯವರು ಮಗಳನ್ನು ಹೊರಗೆ ಹಾಕಿದ್ದು ನಿಜ. ಆದರೆ ಹೊರಗೆ ಹಾಕಿದವಳನ್ನು ಎಲ್ಲಿಗೆ ಕಳಿಸಬೇಕು, ತಲೆಗೆಷ್ಟು ಕೊಡಬೇಕು, ಎಷ್ಟು ತಿಂಗಳು ಇಟ್ಟುಕೊಳ್ಳಬೇಕು ಎಂದು ಗೊತ್ತುಮಾಡಿ ವೋಚರಿಗೆ ಸಹಿ ಹಾಕಿದ್ದು ಕೌನ್ಸಿಲಿನ ಕಚೇರಿ. ಹೊಣೆಯ ಪ್ರಶ್ನೆ ಬಂದಾಗ ನಾನು ಆ ಸಹಿಯನ್ನು ಮೊದಲು ನೋಡುತ್ತೇನೆ.

ಅಜ್ಜಿ ಈ ಹೋಮ್‌ಗಳಲ್ಲಿ ಹುಟ್ಟಿದವಳಾದರೆ ಈಗ ಒಂದು ಕಾನೂನಿನ ಆಸರೆ ಇದೆ. ಐರ್ಲೆಂಡಿನಲ್ಲಿ ದತ್ತು ಕಾನೂನು ಬಂದದ್ದೇ 1952ರಲ್ಲಿ. ಅದಕ್ಕೂ ಮೊದಲಿನದೆಲ್ಲ ಬಾಯಿಮಾತಿನ ವ್ಯವಹಾರ. ಕಾನೂನು ಬಂದಮೇಲೂ ಸಾಕಿದವರನ್ನೇ ಹೆತ್ತವರೆಂದು ಬರೆಸಿದ ಸುಳ್ಳು ಜನನ ನೋಂದಣಿಗಳು ನಡೆದವು. ಒಂದೇ ದತ್ತು ಸಂಸ್ಥೆಯ ಕಡತಗಳಲ್ಲಿ ಅಂಥ 126 ಪ್ರಕರಣ 2018ರಲ್ಲಿ ಹೊರಬಂದವು. 2022ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಜನನ ಮಾಹಿತಿ ಮತ್ತು ಪತ್ತೆ ಕಾನೂನಿನ ಪ್ರಕಾರ ಹೋಮ್‌ಗಳಲ್ಲಿ ಹುಟ್ಟಿದವರು, ದತ್ತು ಹೋದವರು, ಸುಳ್ಳು ನೋಂದಣಿಯಾದವರು ತಮ್ಮ ಜನನಪತ್ರ, ಎಳವೆಯ ಕಡತ, ವೈದ್ಯಕೀಯ ವಿವರಗಳನ್ನು ಕೇಳಿ ಪಡೆಯಬಹುದು. ಟುಸ್ಲಾ ಎಂಬ ಮಕ್ಕಳ ಸಂಸ್ಥೆಗೆ ಅಥವಾ ದತ್ತು ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಹಾಗೆ ಹುಟ್ಟಿದವರೇ ತೀರಿಕೊಂಡಿದ್ದರೆ ಅವರ ಮಕ್ಕಳು ಕೇಳಬಹುದು. ಆದ್ದರಿಂದ ಅಜ್ಜಿಯ ಮಗ ಇಲ್ಲವೇ ಮಗಳು ಬದುಕಿದ್ದರೆ, ಮೊಮ್ಮಕ್ಕಳು ಅರ್ಜಿಯನ್ನು ಅವರ ಕೈಯಿಂದಲೇ ಹಾಕಿಸುವುದು ಜಾಣತನ. ಇದನ್ನು ಮುಂದೂಡಿ ಅಪ್ಪ ಅಮ್ಮನನ್ನೂ ಕಳೆದುಕೊಂಡವರಿಗೆ ದಾರಿ ಕಿರಿದಾಗುತ್ತದೆ.

ಇಂಡಸ್ಟ್ರಿಯಲ್ ಸ್ಕೂಲು, ಅನಾಥಾಲಯಗಳ ಕಡತಗಳು ಇಷ್ಟು ಸುಲಭವಲ್ಲ. ಅನುದಾನ ಕೊಟ್ಟ ಶಿಕ್ಷಣ ಇಲಾಖೆಯಲ್ಲಿ ಒಂದಿಷ್ಟಿವೆ, ನಡೆಸಿದ ಸಂಘಗಳ ಖಾಸಗಿ ಪತ್ರಾಗಾರಗಳಲ್ಲಿ ಉಳಿದವು. ಖಾಸಗಿ ಎಂದ ಮೇಲೆ ಮೊಮ್ಮಗಳ ಪತ್ರಕ್ಕೆ ಉತ್ತರ ಬರುವುದು ಅಲ್ಲಿ ಕೂತವರ ಮನಸ್ಸಿನ ಮೇಲೆ. ಸನ್ಯಾಸಿನಿಯರು ಹೆಂಗಸರನ್ನು ಒಳಗಿಟ್ಟು ಬಟ್ಟೆ ಒಗೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳದ್ದೂ ಇದೇ ಕತೆ. ಇಂಡಸ್ಟ್ರಿಯಲ್ ಸ್ಕೂಲಿನಿಂದ ನೇರವಾಗಿ ಲಾಂಡ್ರಿಗೆ ಹೋದ ಹುಡುಗಿಯರಿದ್ದಾರೆ. 1922ರಿಂದ 1996ರವರೆಗೆ ಆ ಲಾಂಡ್ರಿಗಳಲ್ಲಿ ದುಡಿದವರು ಸುಮಾರು 10,000 ಎಂದು 2013ರ ಸರ್ಕಾರಿ ವರದಿ ಹೇಳಿತು. ಡಬ್ಲಿನ್ನಿನ ಶಾನ್ ಮ್ಯಾಕ್‌ಡರ್ಮಟ್ ಬೀದಿಯಲ್ಲಿ, 1996ರಲ್ಲಿ ಮುಚ್ಚಿದ ಲಾಂಡ್ರಿಯ ಜಾಗದಲ್ಲೇ, ಇವೆಲ್ಲ ಸಂಸ್ಥೆಗಳ ದಾಖಲೆಗಳಿಗೆ ಒಂದು ರಾಷ್ಟ್ರೀಯ ಕೇಂದ್ರ ಕಟ್ಟುವುದಾಗಿ ಸರ್ಕಾರ 2022ರಲ್ಲಿ ಪ್ರಕಟಿಸಿದೆ.

ಹೆಸರು, ವಯಸ್ಸುಗಳ ಬಗ್ಗೆ ಎರಡು ಮಾತು. ಬ್ರಿಜೆಟ್ ಎಂದು ಬ್ಯಾಪ್ಟಿಸಮ್ ಆದವಳು ಬ್ರೈಡಿ, ಬಿಡ್ಡಿ, ಡೀಲಿಯಾ ಯಾವುದಾಗಿಯೂ ಬದುಕಿರಬಹುದು, ಹನೋರಾ ನೋರಾ ಆಗುತ್ತಾಳೆ. ಕುಲನಾಮದ ಮುಂದಿನ 'ಓ' ಒಂದು ದಾಖಲೆಯಲ್ಲಿದ್ದು ಇನ್ನೊಂದರಲ್ಲಿ ಇರುವುದಿಲ್ಲ. ಹುಟ್ಟಿದ ತಾರೀಕನ್ನು ನಂಬಲೇಬೇಡಿ. ನೋಂದಣಿ ತಡವಾದರೆ ದಂಡ ಬೀಳುತ್ತಿದ್ದುದರಿಂದ ತಾರೀಕನ್ನೇ ಮುಂದಕ್ಕೆ ಹಾಕಿ ಬರೆಸುತ್ತಿದ್ದರು. ಮನೆಯ ಹಿರಿಯರ ವಯಸ್ಸಂತೂ 1901ಕ್ಕೂ 1911ಕ್ಕೂ ನಡುವೆ ಹದಿನೈದು ವರ್ಷ ಜಿಗಿದದ್ದುಂಟು. 1909ರಿಂದ ಎಪ್ಪತ್ತು ದಾಟಿದವರಿಗೆ ಪಿಂಚಣಿ ಶುರುವಾಗಿತ್ತು. ಆ ಮುದುಕರ ಜಾಣತನ ಕಂಡು ನಗು ಬರುತ್ತದೆ, ನೆಮ್ಮದಿಯೂ ಆಗುತ್ತದೆ. 1864ರಿಂದಿನ ಜನನ ಮರಣ ನೋಂದಣಿ ಪುಟಗಳು, ನೂರು ವರ್ಷ ದಾಟಿದ ಜನನಗಳು, ಐವತ್ತು ವರ್ಷ ದಾಟಿದ ಮರಣಗಳು, ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ತಂದೆಯ ಕಾಲಮ್ಮು ಖಾಲಿ ಇದ್ದರೆ ಕಾಗದ ಅಲ್ಲಿಗೆ ನಿಲ್ಲುತ್ತದೆ, ಡಿಎನ್ಎ ಪರೀಕ್ಷೆ ಅಲ್ಲಿಂದ ಶುರುವಾಗುತ್ತದೆ. ಅದನ್ನೂ ಅಜ್ಜಿಯ ಮಕ್ಕಳಿಂದ ಮಾಡಿಸುವುದು ವಾಸಿ, ಒಂದು ತಲೆಮಾರು ಇಳಿದರೆ ಹೋಲಿಕೆ ಅರ್ಧಕ್ಕೆ ಇಳಿಯುತ್ತದೆ. ಖಾಲಿ ಕಾಲಮ್ಮಿನ ಮನುಷ್ಯನಿಗೆ ಬೇರೆ ಸಂಸಾರ, ಬೇರೆ ಮೊಮ್ಮಕ್ಕಳು ಇದ್ದಿರಬಹುದು. ಅವರಿಗೆ ಬರೆಯುವ ಮೊದಲ ಪತ್ರ ಆದಷ್ಟು ಚಿಕ್ಕದಾಗಿರಲಿ.

ಹದಿನಾರು ತುಂಬಿ ಅನುದಾನ ನಿಂತ ದಿನ ಕಡತವೂ ನಿಲ್ಲುತ್ತದೆ. ಮನೆಗೆಲಸಕ್ಕೆ ಕಳಿಸಿದ ವಿಳಾಸವೊಂದೇ ಕೊನೆಯ ನಮೂದು. ಆಮೇಲೆ ಅನೇಕ ಹುಡುಗಿಯರು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು, ಅಲ್ಲಿ 1921ರ ಗಣತಿ ಮತ್ತು ಯುದ್ಧ ಶುರುವಾದಾಗ ತಯಾರಾದ 1939ರ ರಿಜಿಸ್ಟರಿನಲ್ಲಿ ಅವರನ್ನು ಹುಡುಕಬೇಕು. ಐರ್ಲೆಂಡಿನಲ್ಲೇ ಉಳಿದವರಿಗೆ 1926ರ ಗಣತಿ ಇದೆ. ಆ ವರ್ಷದ ಏಪ್ರಿಲ್ 18ರ ರಾತ್ರಿ ಕೌಂಟಿ ಹೋಮ್‌ಗಳಲ್ಲಿ, ಅನಾಥಾಲಯಗಳಲ್ಲಿ ಮಲಗಿದ್ದವರ ಪಟ್ಟಿ ಅದರಲ್ಲಿರುತ್ತದೆ. ನೂರು ವರ್ಷ ಮುಚ್ಚಿಟ್ಟ ಅದನ್ನು ತೆರೆಯಲು ಕಾನೂನು ಕೊಟ್ಟ ಗಡುವು 2026ರ ಏಪ್ರಿಲ್. ಉತ್ತರ ಐರ್ಲೆಂಡಿನವರಿಗೆ ಆ ಭಾಗ್ಯವೂ ಇಲ್ಲ, ಅದೇ ವರ್ಷದ ಅಲ್ಲಿನ ಗಣತಿಯ ಹಾಳೆಗಳು ಉಳಿದಿಲ್ಲ. ಅಲ್ಲಿ ವರ್ಕ್‌ಹೌಸು ವ್ಯವಸ್ಥೆ 1948ರವರೆಗೂ ನಡೆಯಿತು. ನೂರು ವರ್ಷದ ಲೆಕ್ಕದಲ್ಲಿ ಕೊನೆಯ ದಾಖಲಾತಿ ಪುಸ್ತಕ ತೆರೆಯುವುದು 2048ಕ್ಕೆ. ಅಷ್ಟು ಕಾಯಲಾಗದವರು ಬೆಲ್‌ಫಾಸ್ಟಿನ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ನೋಡಬಹುದು. ಅರ್ಜಿಯ ಜೊತೆ ಅಜ್ಜಿಯ ಮರಣಪತ್ರದ ಪ್ರತಿ ಇಟ್ಟರೆ ಕೆಲಸ ಸ್ವಲ್ಪ ಹಗುರವಾದೀತು.